ತಮಟೆಯೂ ತಮುಕ್ಕೂ

ತೇನಿ ಸಂತೆಯಲ್ಲಿ ಮೊನ್ನೆ ಒಬ್ಬ ಸಿಕ್ಕಿದ. ಸರ್ಕಾರದ ಡಂಗುರದ ಕೆಲಸಕ್ಕೆ ಹೊಸದಾಗಿ ಸೇರಿದವನು. ತಲೆಗೆ ಕೆಂಪು ರುಮಾಲು, ಮೀಸೆಗೆ ಎಣ್ಣೆ. “ಪೆರಿಯವರೇ, ನೀವೂ ತಮಟೆ ಬಡೀತಾ ಇದ್ದೋರಂತಲ್ಲ” ಎಂದ. ತಮಟೆ ಅಲ್ಲಪ್ಪ, ತಮುಕ್ಕು ಎಂದೆ. “ಎಲ್ಡೂ ಬಡಿಯಾದೇ ತಾನೆ” ಎಂದು ನಕ್ಕು ಮುಂದೆ ಹೋದ. ನನಗೆ ಮೈ ಉರಿದುಹೋಯಿತು. ಬೀದಿಯಲ್ಲಿ ನಿಂತು ಕೂಗಾಡುವ ವಯಸ್ಸು ದಾಟಿದೆ, ಅದಕ್ಕೇ ಮನೆಗೆ ಬಂದು ಬರೆಯಲು ಕೂತೆ. ಈ ಕೆಲಸಕ್ಕೆ ಬರುವವರು ಬೇರೇನೂ ಕಲಿಯದಿದ್ದರೂ ಇದೊಂದನ್ನು ತಿಳಿದುಕೊಂಡು ಬರಲಿ.

ತಮುಕ್ಕು ಅಂದರೆ ತಾಮ್ರದ ಬೋಗುಣಿಗೆ ಚರ್ಮ ಬಿಗಿದದ್ದು. ಕೊರಳಿಗೆ ನೇತುಹಾಕಿಕೊಂಡು ಕೋಲಿನಲ್ಲಿ ಹೊಡೆಯಬೇಕು. ಅದು ಸರ್ಕಾರದ್ದು. ಮೊದಲು ಅದನ್ನು ಹೊಡೆದು, ಆಮೇಲೆ ಕಚೇರಿಯವರು ಹೇಳಿಕೊಟ್ಟ ಮಾತನ್ನು ಕೂಗಬೇಕು. ತಮಟೆ ಅಂದರೆ ಮರದ ಬಳೆಗೆ ಚರ್ಮ ಹೊದಿಸಿದ್ದು, ತಮಿಳಿನವರು ಪರೈ ಎನ್ನುತ್ತಾರೆ. ಹುಲ್ಲು ಉರಿಸಿ ಕಾಯಿಸದೆ ಅದು ಮಾತಾಡುವುದಿಲ್ಲ. ಅದು ಊರಿನದು. ಮದುವೆಗೂ ಹೊಡೆಯುತ್ತಾರೆ, ಊರದೇವತೆ ಅಮ್ಮನ ಪೂಜೆಗೂ ಹೊಡೆಯುತ್ತಾರೆ, ಆದರೆ ಸಾವಿಗೆ ಹೊಡೆಯುವ ಏಟೇ ಬೇರೆ. ಆ ಏಟು ಬಿದ್ದರೆ ತೊಟ್ಟಿಲಲ್ಲಿರುವ ಕೂಸಿಗೂ ಗೊತ್ತಾಗುತ್ತದೆ ಎಂದು ನಮ್ಮ ಕಡೆ ಹೇಳುವುದುಂಟು. ಹೆಸರು ಕೇಳಿದರೆ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಒಂದು ಬಂದರೆ ಜನ ಒಳಗೆ ಓಡುತ್ತಾರೆ, ಇನ್ನೊಂದು ಬಂದರೆ ಹೊರಗೆ ಓಡಿ ಬರುತ್ತಾರೆ. ಅಷ್ಟು ವ್ಯತ್ಯಾಸ.

ನಾವು ತಮಿಳು ಸೀಮೆಯ ಕಂಬಂ ಕಣಿವೆಯಲ್ಲಿ ತಲೆತಲಾಂತರದಿಂದ ನೆಲೆನಿಂತ ಕನ್ನಡದ ಒಕ್ಕಲು ಮನೆಯವರು. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಬರೆಯುವ ಕನ್ನಡ ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ನನಗೆ ಈ ಅಕ್ಷರ ಕಲಿಸಿದವರು ದಿಂಡಿಗಲ್ಲಿನ ಮಂಡಿಯೊಂದರಲ್ಲಿದ್ದ ಮೈಸೂರು ಸೀಮೆಯ ಗುಮಾಸ್ತರು, ಅದೂ ನನಗೆ ತಲೆ ನರೆತ ಮೇಲೆ. ನಾನು ಕೆಲಸಕ್ಕೆ ಸೇರಿದ್ದು ನಾಲಿಗೆಯ ದೆಸೆಯಿಂದ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಕೂಗಬಲ್ಲವನು ಕಚೇರಿಗೆ ಬೇಕಾಗಿದ್ದ. ತಹಸೀಲ್ದಾರರು ನನ್ನನ್ನು ದಿಂಡಿಗಲ್ಲಿನ ಬಂಡೆಯ ಬುಡದಲ್ಲಿ ನಿಲ್ಲಿಸಿ, ತಾವು ದೂರದ ಪೇಟೆಯ ಮೂಲೆಗೆ ಹೋಗಿ ನಿಂತು, “ಕೂಗು” ಎಂದು ಕೈ ಎತ್ತಿದರು. ಏನು ಕೂಗಬೇಕೆಂದು ಹೇಳಿರಲಿಲ್ಲ. ಗಾಬರಿಯಲ್ಲಿ ನನ್ನ ಎತ್ತುಗಳ ಹೆಸರು ಕೂಗಿದೆ. ಕೆಲಸ ಸಿಕ್ಕಿತು.

ಮನೆಯಲ್ಲಿ ಮಾತ್ರ ಸಿಕ್ಕಿದ್ದು ಬೈಗುಳ. ಒಕ್ಕಲಿನ ಮಗ ಚರ್ಮ ಕೈಗೆತ್ತಿಕೊಂಡ ಎಂದು ಅಪ್ಪ ನನ್ನ ಜೊತೆ ಊಟ ಬಿಟ್ಟರು. ಚಿಕ್ಕಪ್ಪಂದಿರು ಮೂಗು ಮುರಿದರು. ಬಾಯಿ ತುಂಬ ನಕ್ಕವಳು ತಂಗಿ ವೀರಮ್ಮ ಒಬ್ಬಳೇ. ಆಗಲೇ ಅವಳಿಗೆ ಮದುವೆಯಾಗಿತ್ತು. ಕಂಬಂಗೂ ಉತ್ತಮಪಾಳ್ಯಕ್ಕೂ ನಡುವಿನ ಒಂದು ಊರಿಗೆ ಕೊಟ್ಟಿದ್ದೆವು. ಊರಿನ ಹೆಸರು ಬರೆಯುವುದಿಲ್ಲ, ಯಾಕೆಂದು ಮುಂದೆ ತಿಳಿಯುತ್ತದೆ. “ಅಣ್ಣ ಕೂಗಾದು ನನ್ ಅಡಿಗೆ ಮನೆಗಂಟ ಕೇಳಸ್ತದೆ, ಆಳು ಬಿಟ್ಟು ವಿಚಾರಸಾದೇ ಬೇಡ” ಎನ್ನುತ್ತಿದ್ದಳು. ಅವಳಿಗಾಗಿಯೇ ಆ ಊರಲ್ಲಿ ನಾನು ಇನ್ನೊಂದು ಸುತ್ತು ಹೆಚ್ಚಾಗಿ ಕೂಗುತ್ತಿದ್ದೆ.

ಕೆಲಸ ಹೇಗಿತ್ತು ಎಂದರೆ, ನಾನು ಒಳ್ಳೆಯ ಸುದ್ದಿ ತೆಗೆದುಕೊಂಡು ಯಾವ ಊರಿಗೂ ಹೋದವನಲ್ಲ. ದೊರೆಗಳು ಬಿಡಾರ ಹೂಡುತ್ತಾರೆ, ಬಂಡಿ ಎತ್ತು ಕೊಡಿ. ಬೆಟ್ಟದ ದಾರಿ ಕುಸಿದಿದೆ, ಮನೆಗೊಂದು ಆಳು ಕಳಿಸಿ. ಸಿಡುಬಿನ ಹಚ್ಚು ಹಾಕುವವರು ಬರುತ್ತಾರೆ, ಮಕ್ಕಳನ್ನು ಕರೆತನ್ನಿ. ತಮುಕ್ಕಿನ ಸದ್ದು ಊರ ಬಾಯಲ್ಲಿ ಕೇಳಿದೊಡನೆ ಗಂಡಸರು ಹಿತ್ತಿಲಿಂದ ಹೊಲಕ್ಕೆ, ಎತ್ತುಗಳು ಬೆಟ್ಟಕ್ಕೆ, ಮಕ್ಕಳು ಕಣಜದ ಹಿಂದಕ್ಕೆ. ಪೆರಿಯಕುಳದ ಮಾವಿನ ತೋಪಿನ ಕಡೆ ಒಮ್ಮೆ ಹಚ್ಚು ಹಾಕುವುದನ್ನು ಸಾರಲು ಹೋಗಿದ್ದೆ. ಹೊಸಬ, ಹುಮ್ಮಸ್ಸು. ಗಂಟಲು ಹರಿಯುವ ಹಾಗೆ ಕೂಗಿದೆ. ಹಚ್ಚಿನವನು ಬರುವ ಹೊತ್ತಿಗೆ ಬೀದಿಯಲ್ಲಿ ನಡೆಯಲಾರದ ಒಬ್ಬ ಮುದುಕಿ ಮಾತ್ರ ಉಳಿದಿದ್ದಳು. ಬಂದದ್ದು ವ್ಯರ್ಥವಾಗಬಾರದೆಂದು ಅವನು ಅವಳಿಗೇ ಚುಚ್ಚಿ ಹೋದ. ಅವಳ ಮೈತುಂಬ ಹಳೆಯ ಸಿಡುಬಿನ ಕಲೆ ಇತ್ತು.

ಇಂಥ ಕೆಲಸದಲ್ಲಿ ಜನರ ಮೇಲೆ ಸಿಟ್ಟು ಬರುತ್ತದೆ. ಬರಬಾರದು. ಜನ ದಡ್ಡರಾಗಿ ಓಡುತ್ತಿರಲಿಲ್ಲ, ತಮುಕ್ಕು ಕೇಳಿದಾಗಲೆಲ್ಲ ಏನಾದರೊಂದು ಕಳೆದುಕೊಂಡಿದ್ದರು, ಅದಕ್ಕೆ ಓಡುತ್ತಿದ್ದರು.

ಇನ್ನು ವಾಂತಿಭೇದಿಯ ವರ್ಷಕ್ಕೆ ಬರುತ್ತೇನೆ. ಬೆಟ್ಟದ ಮೇಲೆ ಅಣೆಕಟ್ಟಿನ ದೊಡ್ಡ ಕೆಲಸ ನಡೆಯುತ್ತಿದ್ದ ಕಾಲ. ಎಲ್ಲೆಲ್ಲಿಂದಲೋ ಬಂದ ಕೂಲಿಗಳು ಜ್ವರ, ಭೇದಿ ಹಿಡಿದು ಕಣಿವೆಗೆ ಇಳಿಯುತ್ತಿದ್ದರು. ಕೆಲವರು ಮನೆ ಸೇರಿದರು, ಕೆಲವರು ದಾರಿಯಲ್ಲೇ ಹೋದರು. ತಂಗಿಯ ಊರಿನ ಬಾವಿಗೆ ಮೆಟ್ಟಿಲಿತ್ತು. ಒಬ್ಬ ಕೂಲಿ ಆ ಮೆಟ್ಟಿಲಲ್ಲೇ ಕೂತು, ವಾಂತಿ ಮಾಡಿಕೊಂಡು, ಅಲ್ಲೇ ಸತ್ತ. ಊರವರು ಹೆಣ ತೆಗೆಸಿ, ಬಾವಿಗೆ ಅರಿಸಿನ ಬೇವು ಹಾಕಿ, ಅಮ್ಮನಿಗೆ ತಂಬಿಟ್ಟಿನ ದೀಪ ಹಚ್ಚಿ, ಮಾರನೆಯ ಬೆಳಿಗ್ಗೆಯಿಂದ ಅದೇ ನೀರು ಸೇದಿದರು. ಅವರ ಮಟ್ಟಿಗೆ ಬಾವಿ ಶುದ್ಧವಾಗಿತ್ತು.

ಆಗ ನಮ್ಮ ಮೇಲಿದ್ದವರು ಇನ್ಸ್‌ಪೆಕ್ಟರ್ ವೈದ್ಯನಾಥಯ್ಯರ್, ಊರೂರಿನ ನೀರು, ಕೊಳೆ, ರೋಗ ನೋಡುವವರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ, ಕುದುರೆಯ ಮೇಲೆ ಕೂತೇ ನಿದ್ದೆ ಮಾಡುತ್ತಿದ್ದರು. ಎರಡು ಊರು ಕೆಳಗೆ ಇದೇ ಥರ ಕೆಟ್ಟ ಬಾವಿಯಿಂದ ಒಂದು ಬೀದಿಗೆ ಬೀದಿಯೇ ಬರಿದಾದದ್ದನ್ನು ಅವರೂ ನಾನೂ ಜೊತೆಯಲ್ಲೇ ನೋಡಿದ್ದೆವು. “ಆ ಬಾವಿಯಿಂದ ಒಂದು ಕೊಡವೂ ಮೇಲೆ ಬರಬಾರದು. ಬೆಟ್ಟದ ಕಡೆಯ ಹಳ್ಳದ ನೀರು ಕುಡಿಯಲಿ. ಹೋಗಿ ಸಾರು” ಎಂದರು.

ಹೋದೆ, ಸಾರಿದೆ. ಬಾಗಿಲುಗಳು ಮುಚ್ಚಿಕೊಂಡವು. ತಮುಕ್ಕು ಕೆಳಗಿಟ್ಟು ಮನೆಮನೆಗೆ ಹೋಗಿ ನಮ್ಮ ಮಾತಿನಲ್ಲೇ ಬೇಡಿಕೊಂಡೆ. ಊರಗೌಡ ಬೊಮ್ಮಣ್ಣ, ಅಂದರೆ ತಂಗಿಯ ಮಾವ, ಜಗಲಿಯಿಂದ ಏಳದೆ ಹೇಳಿದ:

“ಕಾಮಯ್ಯಾ, ನೀನು ನೆಂಟ, ಬಾ, ಕೂರು, ಕೂಳು ತಿನ್ನು. ಸರ್ಕಾರದ ಸೊಲ್ಲು ಮಾತ್ರ ವಾಸಲ್ ಬಾಗ್ಲು ಆಚೆ ಬಿಟ್ಟು ಬಾ. ನಮ್ಮ ಬಾವಿನ ಅಮ್ಮ ನೋಡ್ಕಂತಾಳೆ.”

ತಂಗಿ ಅಡಿಗೆ ಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಸೊಂಟದ ಮೇಲೆ ಕಿರಿಯ ಕೂಸು, ಸೆರಗು ಹಿಡಿದುಕೊಂಡು ದೊಡ್ಡವಳು. ಹಿತ್ತಿಲಲ್ಲಿ ಹಿಡಿದು ನಿಲ್ಲಿಸಿ, “ನೀನಾದರೂ ಆ ನೀರು ಮುಟ್ಟಬೇಡ” ಎಂದೆ. “ನಾನೊಬ್ಬಳು ಬೇರೆ ನೀರ್ ತಂದ್ರೆ ಅತ್ತೆ ಮನೇಲಿ ಉಳಿಯಕ್ಕಾಗ್ತದಾ ಅಣ್ಣಾ?” ಎಂದಳು. ಅವಳು ಹೇಳಿದ್ದು ನಿಜ. ಇಡೀ ಊರು ಬಿಟ್ಟರೆ ಅವಳು ಬಿಡಬಹುದು, ಇಲ್ಲದಿದ್ದರೆ ಇಲ್ಲ. ಅಂದು ಸಂಜೆಗೆ ಆ ಬೀದಿಯ ತುದಿ ಮನೆಯ ಒಂದು ಮಗು ಭೇದಿಯಲ್ಲಿ ಹೋಯಿತೆಂದು ಸುದ್ದಿ ಬಂತು.  ಎಳೆಯ ಮಗುವಾದ್ದರಿಂದ ತಮಟೆಯಿಲ್ಲದೆ ಮಣ್ಣು ಮಾಡಿದ್ದರು.

ತಮಟೆ. ಆಗ ಹೊಳೆಯಿತು. ನಮ್ಮ ಜನರಲ್ಲಿ ಒಂದು ಕಟ್ಟಳೆ ಇದೆ. ದೊಡ್ಡವರು ಸತ್ತು ಸಾವಿನ ತಮಟೆ ಬಿದ್ದರೆ, ಹೆಣಕ್ಕೆ ಬೆಂಕಿ ಕೊಡುವ ತನಕ ಊರ ಬಾವಿಗೆ ಕೊಡ ಇಳಿಯುವುದಿಲ್ಲ. ಹಳ್ಳದಿಂದಲೇ ನೀರು ತರಬೇಕು. ಹೊರಗೆ ಸತ್ತ ನೆಂಟನ ಹೆಣ ಬರುವುದು ತಡವಾದರೆ ಕಾಯಬೇಕು. ಬರಲೇ ಇಲ್ಲವೆಂದರೆ ಹುಲ್ಲಿನ ಹೆಣ ಮಾಡಿ ಸುಡುವುದು, ಅದೂ ಅಮಾವಾಸ್ಯೆಗೆ. ಅಮಾವಾಸ್ಯೆ ಇನ್ನೂ ದೂರವಿತ್ತು. ಗೌಡನ ಮನೆಗೆ ಹೆಣ್ಣು ಕೊಟ್ಟ ಮನೆಯವನೊಬ್ಬ ದೂರದ ದಾರಿಯಲ್ಲಿ ಸತ್ತರೆ ಸಾಕು, ಸರ್ಕಾರ ಮುಚ್ಚಲಾರದ ಬಾವಿಯನ್ನು ಊರೇ ಮುಚ್ಚುತ್ತದೆ. ಅಂಥವನು ನಾನೇ ಇದ್ದೆ.

ಆ ಸುತ್ತಿನ ಊರುಗಳಿಗೆಲ್ಲ ತಮಟೆ ಬಾರಿಸುವವನು ಮಾಯಾಂಡಿ. ನನಗಿಂತ ಹಿರಿಯ. ನಾನು ಚರ್ಮ ಕೈಗೆತ್ತಿಕೊಂಡಾಗ ಊರವರು ಹೀಗಳೆದಿದ್ದರು, ಅವನು ಮಾತ್ರ ಕೋಲು ಹಿಡಿಯುವುದು ಹೀಗಲ್ಲ ಎಂದು ತಿದ್ದಿದ್ದ. ಅವನ ಗುಡಿಸಲಿಗೆ ಹೋಗಿ ನನ್ನ ಸಾವು ಸಾರು ಎಂದು ಕೇಳಿದೆ. ಅವನು ಎದ್ದು ನಿಂತುಬಿಟ್ಟ.

“ಪೊಣಂ ಇಲ್ಲಾಮ ಪರೈ ಅಡಿಕ್ಕ ಕೂಡಾದು” ಎಂದ. ಹೆಣವಿಲ್ಲದೆ ತಮಟೆ ಹೊಡೆಯಬಾರದು. ಆಮೇಲೆ ನನಗೆ ಅರ್ಥವಾಗಲಿ ಎಂಬಂತೆ ನಮ್ಮ ಮಾತಿನಲ್ಲೇ ಹೇಳಿದ: “ನಿನ್ ತಮುಕ್ಕು ದಿನಾ ಏನಾನ ಸೊಲ್ಲ್ತದೆ, ಊರು ನಂಬಾದಿಲ್ಲ. ನಂದು ಒಂದು ಸುಳ್ಳು ಸೊಲ್ಲಿಲ್ಲ ಇದುವರ್ಗೂ. ಅದ್ಕೇ ನಂಬ್ತಾರೆ. ಅದ್ನ ಕೊಡು ಅಂತಿಯಲ್ಲ.”

“ನಿನ್ನ ಹತ್ತಿರ ಮಾತ್ರ ಇದೆ, ಅದಕ್ಕೇ ಕೇಳ್ತಿದೀನಿ” ಎಂದೆ. “ನನ್ನ ತಂಗಿ ಇದಾಳೆ ಅಲ್ಲಿ. ಕೂಸುಗಳಿದಾವೆ.”

ಅವನು ಗೋಡೆಯ ಮೇಲಿನ ತಮಟೆಯನ್ನು ಇಳಿಸಿ ಧೂಳು ಒರೆಸಿದ. ಕೊನೆಗೆ ಕೇಳಿದ್ದು ಒಂದೇ ಮಾತು: “ನಿಂಗೆ ಭಯ ಇಲ್ವಾ?” ನಾನು ಇಲ್ಲ ಎಂದೆ. ಅಮಾವಾಸ್ಯೆ ಕಳೆದ ಮೇಲೆ ನಗುತ್ತಾ ಹೋಗಿ ನಿಲ್ಲುತ್ತೇನೆ, ಬಯ್ಯುತ್ತಾರೆ, ಕೋಳಿ ಕೊಯ್ದು ಊಟ ಹಾಕುತ್ತಾರೆ ಎಂಬುದು ನನ್ನ ಎಣಿಕೆಯಾಗಿತ್ತು.

ಇನ್ಸ್‌ಪೆಕ್ಟರಿಗೆ ಹೇಳದೆ ಮಾಡುವ ಹಾಗಿರಲಿಲ್ಲ. ಕೇಳಿ ಕುದುರೆಯ ಕತ್ತು ತಟ್ಟುತ್ತಾ ನಿಂತರು. “ತಮುಕ್ಕಿನಲ್ಲಿ ಒಂದು ಸುಳ್ಳು ಕೂಗಿದ್ದರೆ ಇವತ್ತೇ ನಿನ್ನನ್ನು ಕೆಲಸದಿಂದ ತೆಗೆಯುತ್ತಿದ್ದೆ. ತಮಟೆ ನನ್ನ ಕಚೇರಿಯದಲ್ಲ” ಎಂದರು. ಆಮೇಲೆ, “ನಿನ್ನ ತಾಯಿ ತಂದೆ ಇದ್ದಾರಾ?” ಎಂದರು. ಇಲ್ಲ ಎಂದೆ. ಒಳ್ಳೆಯದಾಯಿತು ಎಂದು ಕುದುರೆ ಹತ್ತಿದರು. ನನ್ನ ಮೇಲಧಿಕಾರಿಗಳಲ್ಲಿ ನಾನು ಮನಸಾರೆ ಗೌರವಿಸಿದ್ದು ಅವರೊಬ್ಬರನ್ನೇ.

ಮಧ್ಯಾಹ್ನ ಮಾಯಾಂಡಿ ತಮಟೆ ಕಾಯಿಸಿದ. ನಾನು ಕಾಲುವೆಯ ಏರಿಯ ಹಿಂದೆ, ಕಳ್ಳಿಗಿಡದ ಮರೆಯಲ್ಲಿ ಕೂತಿದ್ದೆ. ಸಾವಿನ ಏಟು ಬಿತ್ತು. ಎಷ್ಟೋ ಜನರಿಗೆ ಬಿದ್ದದ್ದನ್ನು ಕೇಳಿದ್ದೇನೆ. ನನಗೇ ಎಂದು ತಿಳಿದು ಕೇಳುವುದು ಬೇರೆ. ಬಾಗಿಲುಗಳು ತೆರೆದವು, ಹೊಲದಲ್ಲಿದ್ದವರು ಕೆಲಸ ಬಿಟ್ಟು ಓಡಿಬಂದರು. ಅಷ್ಟು ವರ್ಷ ನಾನು ಗಂಟಲು ಹರಿದುಕೊಂಡರೂ ಬಾರದ ಜನ ಒಂದೇ ಸಲಕ್ಕೆ ಬಂದು ಸೇರಿದರು. ಮಾಯಾಂಡಿ ಕೂಗಿದ: “ಗೌಡ್ರ ಮನೆ ಸೊಸೆ ವೀರಮ್ಮನ ಒಡಹುಟ್ಟು ಕಾಮಯ್ಯ ಹೊರಟ. ಬೆಟ್ಟದ ದಾರೀಲಿ ಹೊರಟ. ಪೊಣಂ ಬರಬೇಕು.”

ಆಮೇಲೆ ತಂಗಿಯ ದನಿ ಕೇಳಿಸಿತು. ಅದನ್ನು ಬರೆಯಲು ನನಗೆ ಆಗುವುದಿಲ್ಲ. ಎದ್ದು ಓಡಿಹೋಗಿ ನಾನಿದ್ದೇನೆ ಕಣೇ ಎಂದು ಕೂಗಬೇಕೆನ್ನಿಸಿ, ಕಳ್ಳಿಯ ಮುಳ್ಳನ್ನು ಅಂಗೈಯಲ್ಲಿ ಹಿಡಿದು ಕೂತೆ. ಗೌಡನ ಆಳು ಹೋಗಿ ಬಾವಿಯ ಬಾಯಿಗೆ ಮುಳ್ಳುಕೊಂಬೆ ಎಳೆದು ಹಾಕುವುದು ಕಂಡಿತು. ಹೆಂಗಸರು ಕೊಡ ಹಿಡಿದು ಹಳ್ಳದ ಕಡೆ ನಡೆದರು. ನಾನು ಅಳುತ್ತಾ ಸಂತೋಷಪಟ್ಟದ್ದು ಅದೊಂದೇ ಸಲ.

ಅಲ್ಲಿಂದ ಅಮಾವಾಸ್ಯೆಯವರೆಗೆ ಕಣಿವೆಯ ಆಚೆ ತುದಿಯಲ್ಲಿ ಮುಖ ಮರೆಸಿಕೊಂಡು ಕೆಲಸ ಮಾಡಿದೆ. ಸುತ್ತಿನ ಊರುಗಳಲ್ಲಿ ಸುಡಲು ಸೌದೆ ಸಾಲಲಿಲ್ಲ. ತಂಗಿಯ ಊರಲ್ಲಿ ರೋಗ ಆಗಲೇ ಹಿಡಿದಿದ್ದ ನಾಲ್ಕಾರು ಮಂದಿ ಹೋದರು, ಆಮೇಲೆ ನಿಂತಿತು. ಮುಳ್ಳು ಹಾಕಿದ್ದ ಬಾವಿಯನ್ನು ಯಾರೂ ಕಾಯುತ್ತಿರಲಿಲ್ಲ. ಜನ ಹೊಲಕ್ಕೆ ಹೋದ ವೇಳೆ ನೋಡಿ ಇನ್ಸ್‌ಪೆಕ್ಟರ್ ಆಳುಗಳನ್ನು ತಂದು ನೀರು ಬಸಿಸಿ ಸುಣ್ಣ ಹಾಕಿಸಿದರು. ಹೆಣ ಬರಲಿಲ್ಲ. ಅಮಾವಾಸ್ಯೆಯಂದು ಹುಲ್ಲಿನ ಕಾಮಯ್ಯನನ್ನು ಮಾಡಿ, ತಂಗಿಯ ಕೈಯಲ್ಲಿ ಬಾಯಿಗೆ ಅಕ್ಕಿ ಹಾಕಿಸಿ, ಸುಟ್ಟರು. ಬಾವಿಯ ಮುಳ್ಳು ತೆಗೆದರು.

ಇನ್ನೊಂದು ವಾರ ಬಿಟ್ಟು ನಾನು ಹೊಸ ಪಂಚೆ ಉಟ್ಟುಕೊಂಡು, ಕೂಸುಗಳಿಗೆ ಬೆಲ್ಲದ ಮಿಠಾಯಿ ಕಟ್ಟಿಸಿಕೊಂಡು ಆ ಊರಿಗೆ ಹೋದೆ. ಊರ ಗಡಿಯಲ್ಲಿ ಹೊಸದೊಂದು ಕಲ್ಲು ನಿಲ್ಲಿಸಿದ್ದರು. ಅರಿಸಿನ ಬಳಿದು, ಮೇಲೆ ಬೇವಿನ ಕುಚ್ಚು ಇಟ್ಟಿದ್ದರು. ಅದನ್ನು ಸುತ್ತಿ ಬರುವಷ್ಟರಲ್ಲಿ ನನ್ನನ್ನು ಕಂಡ ಹೆಂಗಸೊಬ್ಬಳು ಕೊಡ ಬಿಸಾಡಿ ಕಿರುಚುತ್ತಾ ಓಡಿದಳು. ಬೊಮ್ಮಣ್ಣ ಬಂದ. ಹಿಂದೆ ಅರ್ಧ ಊರು ಬಂತು.

ನಾನು ಎಲ್ಲ ಹೇಳಿದೆ. ಬಾವಿಯ ವಿಷ, ಕಟ್ಟಳೆ, ಇನ್ಸ್‌ಪೆಕ್ಟರ್ ಹಾಕಿಸಿದ ಸುಣ್ಣ, ಎಲ್ಲವನ್ನೂ. ಬಯ್ಯುತ್ತಾರೆ ಎಂದು ಕಾದೆ. ಯಾರೂ ಬಯ್ಯಲಿಲ್ಲ. ಬೊಮ್ಮಣ್ಣ ದೂರದಲ್ಲೇ ನಿಂತು ಮೆಲ್ಲಗೆ ಮಾತಾಡಿದ. ಅವನ ದನಿ ಅಷ್ಟು ಮೆತ್ತಗಿದ್ದದ್ದನ್ನು ನಾನು ಕೇಳಿರಲಿಲ್ಲ.

“ಬಾವಿ ಅಲ್ಲಪ್ಪಾ. ಸುತ್ತ ಎಲ್ಲಾ ಊರೂ ಸುಡುಗಾಡಾತು, ನಮ್ಮೂರು ಉಳೀತು. ಯಾಕೆ? ಅಮ್ಮ ಒಂದು ದೊಡ್ ಉಯಿರು, ಒಂದು ಜೀವ ಕೇಳಿದ್ಲು, ನೀ ಹೋದೆ. ನಿನ್ ತಕ್ಕಂಡು ಅವಳು ಗಡಿ ದಾಟಿದ್ಲು. ಈಗ ನೀ ತಿರುಗಿ ಬಂದೆ ಅಂದ್ರೆ ಅವಳೂ ತಿರುಗಿ ಬತ್ತಾಳೆ. ಕೊಟ್ಟಿದ್ನ ಕಿತ್ಕಂಡ ಹಾಗಾತದೆ.”

“ನಾನು ಸತ್ತಿಲ್ಲ ಮಾವಾ” ಎಂದೆ. ಎಂಥ ಹುಚ್ಚು ಮಾತು ಎಂದು ಬಾಯಿಂದ ಬಿದ್ದ ಮೇಲೆ ಅನ್ನಿಸಿತು.

“ತಮಟೆ ಬಿದ್ದಾತು. ಬೆಂಕಿ ಕೊಟ್ಟಾತು. ತಪ್ಪಾಗಿ ಸಾವು ಬಿದ್ದೋರ್ಗೆ ಮರುಹುಟ್ಟಿನ ಸಾಂಗ್ಯ ಶಾಸ್ತ್ರ ಅದೆ, ಇಲ್ಲ ಅನ್ನಾಕಿಲ್ಲ. ನೀನೇ ಕೇಳಿ ಹೊಡೆಸ್ಕಂಡಿ. ಅದ್ಕೆ ಯಾವ ಸಾಂಗ್ಯನೂ ಇಲ್ಲ. ಪೋ ಸಾಮಿ. ನಮ್ಮ ಮಕ್ಕಳ್ನ ಉಳಿಸಿದ್ದೀ, ಉಳಿಯಕ್ಕೆ ಬಿಡು.” ಇಷ್ಟು ಹೇಳಿ ಅವನು ನೆಲಕ್ಕೆ ಬಿದ್ದು ನಮಸ್ಕಾರ ಮಾಡಿದ. ಊರಗೌಡ, ನನ್ನ ಕಾಲಿಗೆ. ಗುಂಪಿನ ಹಿಂದೆ ತಂಗಿ ಕಂಡಳು. ಕೂಸನ್ನು ಎದೆಗೆ ಅವುಚಿಕೊಂಡು ಆ ಕಡೆ ತಿರುಗಿ ನಿಂತಿದ್ದಳು. ನಾನು ಕರೆದರೂ ತಿರುಗಲಿಲ್ಲ. ಮಿಠಾಯಿಯ ಗಂಟನ್ನು ದಾರಿಯಲ್ಲಿ ಎಸೆದು ಬಂದೆ. ಅವಳ ಮೇಲೆ ಬಂದ ಸಿಟ್ಟು ಇಳಿಯಲು ವರ್ಷಗಳು ಹಿಡಿದವು.

ಮಾಯಾಂಡಿಯನ್ನು ಯಾರೂ ದೂರಲಿಲ್ಲ. ಊರಿನ ಲೆಕ್ಕದಲ್ಲಿ ಅವನ ತಮಟೆ ನಿಜವನ್ನೇ ಹೇಳಿತ್ತು. ಆದರೂ ಅವನು ಅದನ್ನು ಮತ್ತೆ ಗೋಡೆಯಿಂದ ಇಳಿಸಲಿಲ್ಲ. ಸಾವಾದ ಮನೆಯವರು ಕರೆಯಲು ಬಂದರೆ ಕೈ ನೋವು ಎನ್ನುತ್ತಿದ್ದ. ಕೊನೆಗೆ ಹೆಂಡತಿಯನ್ನು ಕರೆದುಕೊಂಡು ಬೋಡಿಮೆಟ್ಟಿನ ಘಟ್ಟದ ಮೇಲಿನ ಏಲಕ್ಕಿ ತೋಟಕ್ಕೆ ಕೂಲಿಗೆ ಹತ್ತಿದ. ಹೋಗುವ ದಿನ ಘಟ್ಟದ ಬುಡದಲ್ಲಿ ಸಿಕ್ಕಿದ್ದೆ. “ಊರ್ಗೆ ಗೊತ್ತಿಲ್ಲ, ನನ್ ಕೈಗೆ ಗೊತ್ತದೆ” ಎಂದ. ನಾನು ಅವನಿಂದ ಏನನ್ನು ಕಿತ್ತುಕೊಂಡೆನೆಂದು ಅಂದು ಪೂರ್ತಿ ತಿಳಿಯಿತು. ಮತ್ತೆ ನಾವು ಒಬ್ಬರನ್ನೊಬ್ಬರು ನೋಡಲಿಲ್ಲ.

ನಾನು ತಮುಕ್ಕು ಹೊಡೆಯುತ್ತಲೇ ಇದ್ದೆ. ಆ ಊರಿಗೆ ಮಾತ್ರ ಕಚೇರಿಯವರು ಬೇರೆಯವನನ್ನು ಕಳಿಸುತ್ತಿದ್ದರು. ಕೆಲಸದಲ್ಲಿ ಇದ್ದಷ್ಟು ದಿನವೂ ಯಾವ ಊರಲ್ಲೂ ಯಾರೂ ನನ್ನ ಮಾತು ಕೇಳಲು ಬಾಗಿಲು ತೆರೆಯಲಿಲ್ಲ. ಕೆಲಸ ಹೀಗೆಯೇ ಇರುತ್ತದೆ ಎಂದು ಹೊಸಬರಿಗೆ ಮೊದಲೇ ಹೇಳಿಬಿಡುವುದು ಲೇಸು.

ತಂಗಿಯ ದೊಡ್ಡ ಮಗಳು ಮೈನೆರೆದಳೆಂದು ಸಂತೆಯಲ್ಲಿ ಕಿವಿಗೆ ಬಿತ್ತು. ನಮ್ಮಲ್ಲಿ ಹುಡುಗಿ ಮೈನೆರೆದರೆ ಸೋದರಮಾವನೇ ಹಸಿರುಸೊಪ್ಪಿನ ಗುಡಿಸಲು ಕಟ್ಟಬೇಕು, ಅವನೇ ಮೊದಲ ಸೀರೆ ಕೊಡಬೇಕು. ನನ್ನ ಬದಲಿಗೆ ಯಾರನ್ನೋ ನಿಲ್ಲಿಸಿರುತ್ತಾರೆ ಎಂದು ಗೊತ್ತಿತ್ತು. ಆದರೂ ಒಂದು ಸೀರೆ ಕೊಂಡು ಹೋದೆ. ಗಡಿ ದಾಟಲಿಲ್ಲ. ನನ್ನ ಹೆಸರಿಗೆ ನಿಲ್ಲಿಸಿದ್ದ ಆ ಗಡಿಯ ಕಲ್ಲಿನ ಮೇಲೆ ಸೀರೆ ಇಟ್ಟು, ಪಕ್ಕದ ನೆರಳಲ್ಲಿ ಕೂತೆ. ಮಧ್ಯಾಹ್ನ ಊರ ಕಡೆಯಿಂದ ತಂಗಿ ಬಂದಳು, ಒಬ್ಬಳೇ. ಕೂದಲು ಆಗಲೇ ನರೆತಿತ್ತು. ಕೈಯಲ್ಲಿ ಮುಚ್ಚಿದ ತಟ್ಟೆ. ಶುಭಕಾರ್ಯದ ದಿನ ಸತ್ತ ಹಿರಿಯರಿಗೆ ಮೊದಲು ಎಡೆ ಇಡುವುದು ನಮ್ಮ ಪದ್ಧತಿ.

ನಾನು ಎರಡು ಮಾರು ದೂರದಲ್ಲಿದ್ದೆ. ನನ್ನ ಕಡೆ ನೋಡಲಿಲ್ಲ. ಕಲ್ಲಿನ ಮುಂದೆ ಬಾಳೆಯೆಲೆ ಹಾಸಿದಳು, ಅನ್ನ ಬಡಿಸಿದಳು, ಹುಳಿ, ಕಡಲೆ ಪಾಯಸ. ಸೀರೆಯನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಕಲ್ಲಿಗೆ ಹೇಳಿದಳು:

“ಅಣ್ಣಾ, ನೀನು ಒಳಗೆ ಬಂದ್ರೆ ನನ್ ಮಕ್ಕ ಹೋಗ್ತವೆ ಅಂತಾರೆ. ಸುಳ್ಳೋ ನಿಜವೋ ನಂಗೆ ತಿಳೀದು. ನಂಗೆ ಭಯ. ಮನ್ನಿಸ್ಬಿಡು. ನಿನ್ ಸೊಸೆ ಇವತ್ತು ಈ ಸೀರೆನೇ ಉಡ್ತಾಳೆ. ನಾ ಬೇರೆ ಉಡ್ಸಲ್ಲ.”

ಅಷ್ಟರಲ್ಲಿ ಕಾಗೆಗಳು ಬಂದವು. ಎಡೆಯಿಟ್ಟ ಅನ್ನವನ್ನು ಕಾಗೆ ಮುಟ್ಟಿದರೆ ಸತ್ತವರು ಉಂಡರೆಂದು ಎಲ್ಲರೂ ಕಾಯುತ್ತಾರೆ. ವೀರಮ್ಮ ನೆಲದ ಹರಳು ಎತ್ತಿ ಎಸೆದು ಅವನ್ನು ಓಡಿಸಿದಳು. ಮತ್ತೆ ಬಂದವು, ಮತ್ತೆ ಓಡಿಸಿದಳು. ಆಮೇಲೆ ನನಗೆ ಬೆನ್ನು ಮಾಡಿ, ಸೆರಗು ಬಾಯಿಗೆ ಹಿಡಿದು, ಊರ ಕಡೆ ಮುಖವಾಗಿ ನಿಂತಳು.

ನಾನು ಎದ್ದು ಹೋಗಿ ಎಲೆಯ ಮುಂದೆ ಕೂತು ಉಂಡೆ. ಪೂರ್ತಿ ಉಂಡೆ. ಉಂಡು ಮುಗಿಯುವವರೆಗೆ ಅವಳು ಕಾಗೆ ಬಾರದಂತೆ ಕಾಯುತ್ತಾ ನಿಂತಿದ್ದಳು.